ಧರ್ಮದ ಬಾಗಿಲಿನಿಂದ ಒಳಬಂದವರು

2025ರ ಮಾರ್ಚ್‌ನಲ್ಲಿ ಟ್ರಂಪ್ ಸರ್ಕಾರ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಸಲ್ಲಬೇಕಿದ್ದ ಸುಮಾರು 40 ಕೋಟಿ ಡಾಲರ್ ಅನುದಾನ ಮತ್ತು ಗುತ್ತಿಗೆಗಳನ್ನು ರದ್ದು ಮಾಡಿತು. ಗಾಜಾ ಯುದ್ಧದ ವಿರುದ್ಧ ಕ್ಯಾಂಪಸ್ಸಿನಲ್ಲಿ ಪ್ರತಿಭಟನೆ ನಡೆದಾಗ ಯಹೂದಿ ವಿದ್ಯಾರ್ಥಿಗಳಿಗೆ ಕಿರುಕುಳವಾಯಿತು, ಆಡಳಿತ ಕೈಕಟ್ಟಿ ಕುಳಿತಿತ್ತು ಎಂಬುದು ಆರೋಪ. ಜುಲೈ ಹೊತ್ತಿಗೆ ವಿಶ್ವವಿದ್ಯಾಲಯ 22 ಕೋಟಿ ಡಾಲರಿಗೂ ಹೆಚ್ಚು ಹಣ ಕಟ್ಟಲು ಒಪ್ಪಿ ರಾಜಿ ಮಾಡಿಕೊಂಡಿತು. ಈ ರಾಜಿ ಸರಿಯೇ, ಇದರಲ್ಲಿ ಯಹೂದಿಗಳ ರಕ್ಷಣೆ ಎಷ್ಟು, ವಿಶ್ವವಿದ್ಯಾಲಯಗಳನ್ನು ಬಗ್ಗಿಸುವ ರಾಜಕೀಯ ಎಷ್ಟು ಎಂಬ ಚರ್ಚೆ ಅಲ್ಲಿನ ಯಹೂದಿಗಳ ನಡುವೆಯೇ ಬಿಸಿಯಾಗಿ ನಡೆದಿದೆ. ಆದರೆ ಸರ್ಕಾರ ಎತ್ತಿ ಹಿಡಿದ ಕಾನೂನನ್ನು ಒಮ್ಮೆ ತೆರೆದು ನೋಡಬೇಕು. ಅದು 1964ರ ನಾಗರಿಕ ಹಕ್ಕುಗಳ ಕಾಯ್ದೆಯ ಆರನೇ ಅಧ್ಯಾಯ. ಸರ್ಕಾರದ ಹಣ ಪಡೆಯುವ ಸಂಸ್ಥೆಗಳು ಜನಾಂಗ, ಬಣ್ಣ ಮತ್ತು ರಾಷ್ಟ್ರೀಯ ಮೂಲದ ಆಧಾರದಲ್ಲಿ ತಾರತಮ್ಯ ಮಾಡಬಾರದು ಎಂದು ಅದು ಹೇಳುತ್ತದೆ. ಅಲ್ಲಿ ಧರ್ಮದ ಮಾತೇ ಇಲ್ಲ.

ಇದು ಸಣ್ಣ ತಾಂತ್ರಿಕ ವಿಷಯವಲ್ಲ. ಪ್ರಾಟೆಸ್ಟೆಂಟ್, ಕ್ಯಾಥೊಲಿಕ್, ಯಹೂದಿ: ಈ ಮೂರನ್ನು ಒಂದೇ ಉಸಿರಿನಲ್ಲಿ ಹೇಳುವುದು ಅಮೆರಿಕದ ಸಾರ್ವಜನಿಕ ಜೀವನಕ್ಕೆ ಮುಕ್ಕಾಲು ಶತಮಾನದಿಂದ ರೂಢಿ. ಜನಸಂಖ್ಯೆಯಲ್ಲಿ ಎಂದೂ ಶೇ 4ನ್ನು ದಾಟದ ಸಮುದಾಯವೊಂದಕ್ಕೆ ಅಧ್ಯಕ್ಷರ ಪ್ರಮಾಣವಚನದ ವೇದಿಕೆಯಲ್ಲಿ ಪ್ರಾರ್ಥನೆ ಹೇಳುವ ಜಾಗ ದಕ್ಕಿದ್ದು 'ನಮ್ಮದೂ ನಿಮ್ಮಂತೆಯೇ ಒಂದು ಧರ್ಮ' ಎಂಬ ಒಪ್ಪಂದದಿಂದ. ಆ ಒಪ್ಪಂದ ಲಾಭದಾಯಕವಾಗಿತ್ತು, ನಿಜ. ಆದರೆ ಅದರಲ್ಲಿ ಯಹೂದಿ ಬದುಕಿನ ಅರ್ಧ ಭಾಗ ಮಾತ್ರ ಹಿಡಿಸುತ್ತಿತ್ತು. ಹೊರಗುಳಿದ ಅರ್ಧ ಈಗ ಕೋರ್ಟು ಕಚೇರಿಗಳಲ್ಲಿ ತಲೆ ಎತ್ತಿದೆ ಎಂದು ನನಗೆ ಅನ್ನಿಸುತ್ತದೆ.

ಆರಂಭ ಅಷ್ಟೇನೂ ಉದಾತ್ತವಾಗಿರಲಿಲ್ಲ. 1654ರಲ್ಲಿ ಬ್ರೆಜಿಲ್‌ನ ರೆಸಿಫೆಯನ್ನು ಪೋರ್ಚುಗೀಸರು ಮರಳಿ ಗೆದ್ದಾಗ ಅಲ್ಲಿಂದ ಓಡಿಬಂದ 23 ಯಹೂದಿಗಳು ಇಂದಿನ ನ್ಯೂಯಾರ್ಕ್ ಆಗಿರುವ ಡಚ್ ವಸಾಹತಿಗೆ ಬಂದಿಳಿದರು. ಗವರ್ನರ್ ಪೀಟರ್ ಸ್ಟೈವೆಸೆಂಟ್ ಅವರನ್ನು ಹೊರಗಟ್ಟಲು ನೋಡಿದ. ಡಚ್ ವೆಸ್ಟ್ ಇಂಡಿಯಾ ಕಂಪನಿ ಬೇಡವೆಂದಿತು, ಏಕೆಂದರೆ ಕಂಪನಿಯ ಷೇರುದಾರರಲ್ಲಿ ಯಹೂದಿಗಳೂ ಇದ್ದರು. ಇರಲಿ, ಆದರೆ ತಮ್ಮ ಬಡವರನ್ನು ತಾವೇ ನೋಡಿಕೊಳ್ಳಲಿ ಎಂಬುದು ಕಂಪನಿಯ ಷರತ್ತು. 1790ರಲ್ಲಿ ಜಾರ್ಜ್ ವಾಷಿಂಗ್ಟನ್ ರೋಡ್ ಐಲೆಂಡಿನ ನ್ಯೂಪೋರ್ಟ್ ಯಹೂದಿಗಳಿಗೆ ಬರೆದ ಪತ್ರ ಹೆಚ್ಚು ಪ್ರಸಿದ್ಧ. ಅಮೆರಿಕದ ಸರ್ಕಾರ ಮತಾಂಧತೆಗೆ ಸಮ್ಮತಿ ಕೊಡುವುದಿಲ್ಲ, ಕಿರುಕುಳಕ್ಕೆ ನೆರವಾಗುವುದಿಲ್ಲ ಎಂದು ಅದರಲ್ಲಿದೆ. ಅಧ್ಯಕ್ಷರ ಮಾತು ಹಾಗಿತ್ತು, ರಾಜ್ಯಗಳ ಕಾನೂನು ಹಾಗಿರಲಿಲ್ಲ. ಮೇರಿಲ್ಯಾಂಡ್‌ನಲ್ಲಿ ಯಹೂದಿಯೊಬ್ಬ ಸಾರ್ವಜನಿಕ ಹುದ್ದೆ ಹಿಡಿಯಲು 1826ರವರೆಗೆ ಕಾಯಬೇಕಾಯಿತು. ನ್ಯೂ ಹ್ಯಾಂಪ್‌ಷೈರ್‌ನಲ್ಲಿ ಶಾಸಕರು ಪ್ರಾಟೆಸ್ಟೆಂಟರೇ ಆಗಿರಬೇಕೆಂಬ ನಿಯಮ ಅಳಿದದ್ದು 1877ರಲ್ಲಿ.

ಹತ್ತೊಂಬತ್ತನೇ ಶತಮಾನದ ನಡುಭಾಗದಲ್ಲಿ ಜರ್ಮನ್ ಭಾಷಿಕ ನಾಡುಗಳಿಂದ ಬಂದ ಯಹೂದಿಗಳು ಅಮೆರಿಕಕ್ಕೆ ಹೊಂದುವ ಧರ್ಮವನ್ನು ಕೈಯಾರೆ ಕಟ್ಟಿದರು. ಸೌತ್ ಕ್ಯಾರೊಲಿನಾದ ಚಾರ್ಲ್ಸ್‌ಟನ್‌ನ ಸಿನಗಾಗ್‌ನಲ್ಲಿ (ಯಹೂದಿ ಪ್ರಾರ್ಥನಾ ಮಂದಿರ) 1840ರ ಆಸುಪಾಸಿನಲ್ಲಿ ಚರ್ಚುಗಳಲ್ಲಿರುವಂಥ ಆರ್ಗನ್ ಬಂತು, ಅದರ ಹಿಂದೆಯೇ ಜಗಳವೂ ಬಂತು. ಫಿಲಡೆಲ್ಫಿಯಾದ ರೆಬೆಕಾ ಗ್ರಾಟ್ಸ್ 1838ರಲ್ಲಿ ಯಹೂದಿ ಮಕ್ಕಳಿಗಾಗಿ ಭಾನುವಾರದ ಶಾಲೆ ತೆರೆದಳು, ಮಾದರಿ ನೆರೆಮನೆಯ ಪ್ರಾಟೆಸ್ಟೆಂಟರದು. ಸಿನ್ಸಿನಾಟಿಯಲ್ಲಿ ಐಸಾಕ್ ಮೇಯರ್ ವೈಸ್ ಎಂಬ ದಣಿವರಿಯದ ರಬ್ಬಿ (ಯಹೂದಿ ಧರ್ಮಗುರು) 1873ರಲ್ಲಿ ಸಿನಗಾಗ್‌ಗಳ ಒಕ್ಕೂಟವನ್ನು, 1875ರಲ್ಲಿ ರಬ್ಬಿಗಳನ್ನು ತಯಾರು ಮಾಡುವ ಕಾಲೇಜನ್ನು ಸ್ಥಾಪಿಸಿದರು.

ಆ ಕಾಲೇಜಿನ ಮೊದಲ ತಂಡ ಪದವಿ ಪಡೆದ 1883ರ ಜುಲೈ ತಿಂಗಳ ಔತಣವನ್ನು ಅಮೆರಿಕದ ಯಹೂದಿಗಳು ಇಂದಿಗೂ ಮರೆತಿಲ್ಲ. ಯಹೂದಿ ಆಹಾರ ನಿಯಮದಲ್ಲಿ ಚಿಪ್ಪಿನ ಜಲಚರ ನಿಷಿದ್ಧ, ಮಾಂಸ ಮತ್ತು ಹಾಲಿನ ಪದಾರ್ಥ ಒಂದೇ ಊಟದಲ್ಲಿ ಕೂಡದು. ಅತಿಥಿಗಳ ಮುಂದೆ ಬಂದದ್ದು ಚಿಪ್ಪುಮೀನು, ಏಡಿ, ಸಿಗಡಿ, ಕಪ್ಪೆಯ ಕಾಲು, ಮಾಂಸದೂಟದ ಕೊನೆಗೆ ಐಸ್‌ಕ್ರೀಂ. ಹಂದಿ ಮಾಂಸ ಮಾತ್ರ ಇರಲಿಲ್ಲ. ಎಲ್ಲೋ ಒಂದು ಕಡೆ ಗೆರೆ ಎಳೆಯಬೇಕಲ್ಲ! ಅಡುಗೆಯವನ ಅಚಾತುರ್ಯವೋ, ಬೇಕೆಂದೇ ಮಾಡಿದ್ದೋ ಎಂಬ ವಾದ ಮುಗಿದಿಲ್ಲ. ವೈಸ್ ಅಂತೂ ಕ್ಷಮೆ ಕೇಳುವ ಬದಲು ಅಡುಗೆಮನೆಯ ಧರ್ಮ ಎಂದು ಟೀಕಾಕಾರರನ್ನೇ ಹಳಿದರು. ಸಂಪ್ರದಾಯದ ಕಡೆ ವಾಲಿದ್ದವರು ನಾಲ್ಕೇ ವರ್ಷಗಳಲ್ಲಿ ನ್ಯೂಯಾರ್ಕಿನಲ್ಲಿ ತಮ್ಮದೇ ಸೆಮಿನರಿ ತೆರೆದರು. ಹೀಗೆ ಸುಧಾರಣೆಯ ರಿಫಾರ್ಮ್, ನಡುದಾರಿಯ ಕನ್ಸರ್ವೇಟಿವ್, ಕಟ್ಟುನಿಟ್ಟು ಸಂಪ್ರದಾಯದ ಆರ್ಥಡಾಕ್ಸ್ ಎಂಬ ಪಂಗಡಗಳು ರೂಪುಗೊಂಡವು. ಒಂದೇ ಧರ್ಮದಲ್ಲಿ ಹಲವು ಪಂಗಡ, ನಿಮಗೆ ಒಪ್ಪುವುದನ್ನು ಆರಿಸಿಕೊಂಡು ಚಂದಾ ಕಟ್ಟಿ ಸದಸ್ಯರಾಗಿ ಎಂಬ ಈ ಏರ್ಪಾಡೇ ಅಪ್ಪಟ ಅಮೆರಿಕನ್.

ರಿಫಾರ್ಮ್ ರಬ್ಬಿಗಳು 1885ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಸೇರಿ ಹೊರಡಿಸಿದ ಘೋಷಣೆಯಲ್ಲಿ ಒಪ್ಪಂದ ಬಿಚ್ಚುಮಾತಿನಲ್ಲಿದೆ: ನಾವು ಇನ್ನು ಮೇಲೆ ಒಂದು ರಾಷ್ಟ್ರವಲ್ಲ, ಒಂದು ಧಾರ್ಮಿಕ ಸಮುದಾಯ. ಪ್ಯಾಲೆಸ್ಟೈನಿಗೆ ಮರಳುವ ನಿರೀಕ್ಷೆ ನಮಗಿಲ್ಲ. ಎಂಟು ವರ್ಷಗಳ ಬಳಿಕ, ವಿವೇಕಾನಂದರು ಮಾತನಾಡಿದ ಷಿಕಾಗೋದ ಸರ್ವಧರ್ಮ ಸಮ್ಮೇಳನದಲ್ಲಿ ವೈಸ್ ಮತ್ತು ಎಮಿಲ್ ಹಿರ್ಷ್‌ರಂಥ ರಬ್ಬಿಗಳು ವೇದಿಕೆ ಏರಿದ್ದು ಈ ನೆಲೆಯಲ್ಲಿಯೇ: ಒಂದು ಜನದ ಪ್ರತಿನಿಧಿಗಳಾಗಿ ಅಲ್ಲ, ಜಗತ್ತಿನ ಧರ್ಮಗಳಲ್ಲಿ ಒಂದರ ವಕ್ತಾರರಾಗಿ.

ಈ ಅಚ್ಚುಕಟ್ಟಾದ ಲೆಕ್ಕಾಚಾರವನ್ನು ತಲೆಕೆಳಗು ಮಾಡಿದವರು ಪೂರ್ವ ಯುರೋಪಿನಿಂದ ಬಂದ ನೆಂಟರು. 1881ರಿಂದ 1924ರ ನಡುವೆ ರಷ್ಯಾ ಸಾಮ್ರಾಜ್ಯದ ಹಿಂಸೆ ಮತ್ತು ಬಡತನದಿಂದ ತಪ್ಪಿಸಿಕೊಂಡು ಇಪ್ಪತ್ತು ಲಕ್ಷಕ್ಕೂ ಹೆಚ್ಚು ಯಹೂದಿಗಳು ಬಂದರು. ಅವರಾಡುತ್ತಿದ್ದುದು ಯಿಡ್ಡಿಷ್. ಅವರಲ್ಲಿ ಕಡು ಸಂಪ್ರದಾಯಸ್ಥರೂ ಇದ್ದರು, ದೇವರನ್ನೇ ಒಪ್ಪದ ಸಮಾಜವಾದಿಗಳೂ ಇದ್ದರು, ಇಬ್ಬರಿಗೂ ತಾವು ಯಹೂದಿಗಳೆಂಬುದರಲ್ಲಿ ಎಳ್ಳಷ್ಟೂ ಸಂಶಯವಿರಲಿಲ್ಲ. ವಲಸೆ ಇಲಾಖೆಗೂ ಸಂಶಯವಿರಲಿಲ್ಲ. 1899ರಲ್ಲಿ ಅದು ತಯಾರಿಸಿದ ಜನಾಂಗಗಳ ಪಟ್ಟಿಯಲ್ಲಿ 'ಹೀಬ್ರೂ' ಒಂದು ಜನಾಂಗ. ಹಡಗಿನಿಂದ ಇಳಿದವರ ಹೆಸರಿನ ಮುಂದೆ ಗುಮಾಸ್ತ ಅದನ್ನೇ ಬರೆದುಕೊಳ್ಳುತ್ತಿದ್ದ. ಜರ್ಮನ್ ಮೂಲದ ಹಿರಿಯ ವಕೀಲ ಸೈಮನ್ ವುಲ್ಫ್ ಇದರ ವಿರುದ್ಧ ವರ್ಷಗಟ್ಟಲೆ ಹೋರಾಡಿದರು. ಯಹೂದಿ ಎಂಬುದು ಧರ್ಮ, ಧರ್ಮವನ್ನು ಕಡತದಲ್ಲಿ ಬರೆಯಲು ಸರ್ಕಾರಕ್ಕೆ ಹಕ್ಕಿಲ್ಲ ಎಂಬುದು ಅವರ ವಾದ. ನಾವು ಒಂದು ಜನವೇ ಹೌದು ಎಂದು, ಯಹೂದಿಗಳಿಗೆ ತಮ್ಮದೇ ನಾಡು ಬೇಕೆನ್ನುತ್ತಿದ್ದ ಜಿಯೋನಿಸ್ಟರು ಅವರಿಗೆ ಎದುರಾಡಿದರು. ಆ ಪದ ವಲಸೆ ಪಟ್ಟಿಯಿಂದ ಹೋದದ್ದು 1943ರಲ್ಲಿ, ಜನಾಂಗವಾದದ ಹೆಸರಿನಲ್ಲಿ ನಾಜಿಗಳು ಏನು ಮಾಡುತ್ತಿದ್ದಾರೆಂದು ಜಗತ್ತಿಗೆ ಗೊತ್ತಾದ ಮೇಲೆ.

ನಡುವಿನ ಕಾಲ ಕೆಟ್ಟದ್ದು. 1915ರಲ್ಲಿ ಜಾರ್ಜಿಯಾದಲ್ಲಿ ಲಿಯೋ ಫ್ರಾಂಕ್ ಎಂಬ ಕಾರ್ಖಾನೆ ಮೇಲ್ವಿಚಾರಕನನ್ನು ಗುಂಪೊಂದು ಜೈಲಿನಿಂದ ಎಳೆದೊಯ್ದು ನೇಣಿಗೆ ಹಾಕಿತು. ಹೆನ್ರಿ ಫೋರ್ಡ್ ತನ್ನ ಪತ್ರಿಕೆಯಲ್ಲಿ ಯಹೂದಿ ಪಿತೂರಿಯ ಕಥೆಗಳನ್ನು ಸರಣಿಯಾಗಿ ಪ್ರಕಟಿಸಿದ. ಹಾರ್ವರ್ಡ್‌ನ ಅಧ್ಯಕ್ಷ ಲೋವೆಲ್ 1922ರಲ್ಲಿ ಯಹೂದಿ ವಿದ್ಯಾರ್ಥಿಗಳ ಸಂಖ್ಯೆಗೆ ಮಿತಿ ಹಾಕಲು ಹೊರಟ. 1924ರ ಕಾನೂನು ವಲಸೆಯ ಬಾಗಿಲನ್ನೇ ಮುಚ್ಚಿತು. ಮೂವತ್ತರ ದಶಕದಲ್ಲಿ ಪಾದ್ರಿ ಚಾರ್ಲ್ಸ್ ಕಾಗ್ಲಿನ್ ರೇಡಿಯೊದಲ್ಲಿ ಕಾರುತ್ತಿದ್ದ ವಿಷಕ್ಕೆ ಲಕ್ಷಾಂತರ ಮಂದಿ ಕಿವಿಗೊಡುತ್ತಿದ್ದರು. ಇದಕ್ಕೆ ಎದುರಾಗಿ 1927ರಲ್ಲಿ ಹುಟ್ಟಿದ ಕ್ರೈಸ್ತ ಮತ್ತು ಯಹೂದಿಗಳ ರಾಷ್ಟ್ರೀಯ ಸಮ್ಮೇಳನ ಎಂಬ ಸಂಸ್ಥೆ ಒಬ್ಬ ಪ್ರಾಟೆಸ್ಟೆಂಟ್ ಪಾದ್ರಿ, ಒಬ್ಬ ಕ್ಯಾಥೊಲಿಕ್ ಪಾದ್ರಿ, ಒಬ್ಬ ರಬ್ಬಿಯನ್ನು ಜೊತೆ ಮಾಡಿ ಊರೂರಿಗೆ ಕಳುಹಿಸಿತು. ಮೂವರೂ ಒಂದೇ ವೇದಿಕೆಯಲ್ಲಿ ಕುಳಿತು ತಮಾಷೆ ಮಾಡುತ್ತ, ಪ್ರಶ್ನೆಗಳಿಗೆ ಉತ್ತರಿಸುತ್ತ ಇದ್ದರು. ಅನೇಕ ಊರುಗಳಲ್ಲಿ ಜನ ರಬ್ಬಿಯನ್ನು ಕಂಡದ್ದು ಅದೇ ಮೊದಲು.

ಆದರೆ ನನ್ನ ಲೆಕ್ಕದಲ್ಲಿ ಯಹೂದಿ ಧರ್ಮವನ್ನು ಮುಖ್ಯವಾಹಿನಿಗೆ ತಂದದ್ದು ಯಾವ ಸಜ್ಜನರ ಸಮಿತಿಯೂ ಅಲ್ಲ, ಸೇನೆ. ಎರಡನೇ ಮಹಾಯುದ್ಧದಲ್ಲಿ ಸುಮಾರು ಐದೂವರೆ ಲಕ್ಷ ಯಹೂದಿಗಳು ಅಮೆರಿಕದ ಸಮವಸ್ತ್ರ ತೊಟ್ಟರು. ಸತ್ತರೆ ಯಾವ ವಿಧಿಯಲ್ಲಿ ಮಣ್ಣು ಮಾಡಬೇಕೆಂದು ತಿಳಿಯಲು ಪ್ರತಿಯೊಬ್ಬರ ಕೊರಳ ಗುರುತುಬಿಲ್ಲೆಯಲ್ಲಿ ಒಂದು ಅಕ್ಷರ ಕೆತ್ತಲಾಗುತ್ತಿತ್ತು: ಪ್ರಾಟೆಸ್ಟೆಂಟರಿಗೆ ಪಿ, ಕ್ಯಾಥೊಲಿಕರಿಗೆ ಸಿ, ಯಹೂದಿಗಳಿಗೆ ಹೀಬ್ರೂ ಎಂಬುದರ ಎಚ್. ಜರ್ಮನ್ನರ ಕೈಗೆ ಸಿಕ್ಕಿಬಿದ್ದರೆ ಆ ಎಚ್ ಪ್ರಾಣಕ್ಕೇ ಮುಳುವಾದೀತೆಂದು ಕೆಲವರು ಅದನ್ನು ಹಾಕಿಸಿಕೊಳ್ಳಲೇ ಇಲ್ಲ. ಇಡೀ ದೇಶದ ಧರ್ಮವನ್ನು ಮೂರು ಅಕ್ಷರಗಳಿಗೆ ಇಳಿಸಿದ ಈ ಲೋಹದ ತುಂಡೇ ಮುಂದಿನ ದಶಕದ ಸಿದ್ಧಾಂತಕ್ಕೆ ನಕಾಶೆಯಾಯಿತು. ಅದೇ ಸೇನೆಯಲ್ಲಿದ್ದ ಜಪಾನಿ ಮೂಲದ ಬೌದ್ಧ ಸೈನಿಕರಿಗೆ ತಮ್ಮದೆನ್ನುವ ಅಕ್ಷರವೇ ಸಿಗಲಿಲ್ಲ ಎಂಬುದನ್ನೂ ನೆನಪಿಡಬೇಕು.

1943ರ ಫೆಬ್ರುವರಿ 3ರ ನಸುಕಿನಲ್ಲಿ ಗ್ರೀನ್‌ಲ್ಯಾಂಡ್ ಬಳಿಯ ಹಿಮದಂಥ ನೀರಿನಲ್ಲಿ ಡಾರ್ಚೆಸ್ಟರ್ ಎಂಬ ಸೈನಿಕ ಹಡಗಿಗೆ ಜರ್ಮನ್ ಜಲಾಂತರ್ಗಾಮಿಯ ಟಾರ್ಪಿಡೊ ಬಡಿಯಿತು. ಹಡಗಿನಲ್ಲಿ 900ಕ್ಕೂ ಹೆಚ್ಚು ಜನ. ದೀಪಗಳು ಆರಿ ಗದ್ದಲವೆದ್ದಾಗ ನಾಲ್ವರು ಸೇನಾ ಧರ್ಮಗುರುಗಳು ತೇಲುಕವಚಗಳನ್ನು ಹಂಚಿದರು. ಅವು ಮುಗಿದಾಗ ತಾವು ತೊಟ್ಟಿದ್ದವನ್ನೇ ಬಿಚ್ಚಿ ಮುಂದೆ ನಿಂತಿದ್ದ ಹುಡುಗರಿಗೆ ಕೊಟ್ಟರು, ಯಾವ ಧರ್ಮದವನೆಂದು ಕೇಳಲಿಲ್ಲ. ಆ ನಾಲ್ವರು ಮೆಥಡಿಸ್ಟ್ ಪಂಥದ ಜಾರ್ಜ್ ಫಾಕ್ಸ್, ರಿಫಾರ್ಮ್ಡ್ ಚರ್ಚಿನ ಕ್ಲಾರ್ಕ್ ಪೋಲಿಂಗ್, ಕ್ಯಾಥೊಲಿಕ್ ಪಾದ್ರಿ ಜಾನ್ ವಾಷಿಂಗ್ಟನ್ ಮತ್ತು ರಬ್ಬಿ ಅಲೆಕ್ಸಾಂಡರ್ ಗೂಡ್. ಹಡಗು ಮುಳುಗುವಾಗ ಅವರು ಕೈಕೈ ಹಿಡಿದು ಪ್ರಾರ್ಥಿಸುತ್ತಿದ್ದರೆಂದು ಬದುಕುಳಿದವರು ಹೇಳಿದರು. 1948ರಲ್ಲಿ ಅವರ ಅಂಚೆಚೀಟಿ ಬಂತು. ಮರುವರ್ಷ ಟ್ರೂಮನ್ ಪ್ರಮಾಣವಚನದಲ್ಲಿ ಮೊದಲ ಬಾರಿಗೆ ರಬ್ಬಿಯೊಬ್ಬರು ಪ್ರಾರ್ಥನೆ ಹೇಳಿದರು. ಮರ್ಯಾದೆಯ ಹಿಂದೆ ಸಾವಿನ ದಾಖಲೆ ಇತ್ತು, ಹಾಗಾಗಿ ಅದನ್ನು ಪ್ರಶ್ನಿಸುವುದು ಯಾರಿಗೂ ಸುಲಭವಿರಲಿಲ್ಲ.

ಬಳಿಕ ಶೀತಲ ಸಮರ. ದೇವರಿಲ್ಲದ ಸೋವಿಯತ್ತಿಗೆ ಎದುರಾಗಿ ದೇವರಿರುವ ಅಮೆರಿಕ. 1952ರ ಡಿಸೆಂಬರಿನಲ್ಲಿ, ಅಧ್ಯಕ್ಷರಾಗಿ ಆಯ್ಕೆಯಾಗಿದ್ದ ಐಸೆನ್‌ಹೋವರ್ ಹೇಳಿದರು: ನಮ್ಮ ಸರ್ಕಾರ ಆಳವಾದ ಧರ್ಮಶ್ರದ್ಧೆಯ ಮೇಲೆ ನಿಂತಿರದಿದ್ದರೆ ಅದಕ್ಕೆ ಅರ್ಥವಿಲ್ಲ, ಆ ಶ್ರದ್ಧೆ ಯಾವುದಾದರೂ ನನಗೆ ಚಿಂತೆಯಿಲ್ಲ, ನಮ್ಮ ಮಟ್ಟಿಗೆ ಅದು ಯಹೂದಿ-ಕ್ರೈಸ್ತ ಪರಂಪರೆ. ವಿಲ್ ಹರ್ಬರ್ಗ್ ಎಂಬ ಮಾಜಿ ಕಮ್ಯುನಿಸ್ಟ್ 1955ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇದಕ್ಕೆ ಸಮಾಜಶಾಸ್ತ್ರದ ಉಡುಪು ತೊಡಿಸಿದ. ವಲಸಿಗರ ಮೊಮ್ಮಕ್ಕಳು ಭಾಷೆ ಬಿಡುತ್ತಾರೆ, ಊರು ಬಿಡುತ್ತಾರೆ, ಆದರೆ ಧರ್ಮ ಉಳಿಸಿಕೊಳ್ಳುತ್ತಾರೆ; ಪ್ರಾಟೆಸ್ಟೆಂಟ್, ಕ್ಯಾಥೊಲಿಕ್, ಯಹೂದಿ ಆಗಿರುವುದು ಅಮೆರಿಕನ್ ಆಗಿರುವ ಮೂರು ರೀತಿ ಎಂದ. ಎರಡು ವರ್ಷಗಳ ಬಳಿಕ ಸರ್ಕಾರವೇ ನಡೆಸಿದ ಸಮೀಕ್ಷೆಯಲ್ಲಿ ಯಹೂದಿಗಳು ಕಂಡದ್ದು ಕೇವಲ ಶೇ 3.2ರಷ್ಟು. ಮೂರರಲ್ಲೊಂದು ಧರ್ಮ, ನೂರರಲ್ಲಿ ಮೂವರು! ಮುಂದಿನ ಜನಗಣತಿಯಲ್ಲಿ ಧರ್ಮದ ಪ್ರಶ್ನೆ ಬೇಡವೆಂದು ಯಹೂದಿ ಸಂಘಟನೆಗಳು ಪಟ್ಟು ಹಿಡಿದದ್ದರಲ್ಲಿ ಆಶ್ಚರ್ಯವೇನಿದೆ?

ಈ ಹೊತ್ತಿಗೆ ಯಹೂದಿಗಳು ನಗರದ ಇಕ್ಕಟ್ಟಿನ ಬೀದಿಗಳಿಂದ ಉಪನಗರಗಳಿಗೆ ಹೋಗಿದ್ದರು. ಹಳೆಯ ಕೇರಿಯಲ್ಲಿ ಯಹೂದಿಯಾಗಿರಲು ಸಿನಗಾಗ್‌ಗೆ ಹೋಗಬೇಕಿರಲಿಲ್ಲ, ಮಾಂಸದಂಗಡಿ, ಪತ್ರಿಕೆ, ಕಾರ್ಮಿಕ ಸಂಘ, ಜಗಳ ಎಲ್ಲವೂ ಯಹೂದಿಯದೇ ಆಗಿದ್ದವು. ಹುಲ್ಲುಹಾಸಿನ ಬೀದಿಯಲ್ಲಿ ಅದೊಂದೂ ಇರಲಿಲ್ಲ. ಚರ್ಚಿನ ಎದುರು ಸಿನಗಾಗ್ ಕಟ್ಟಿದರು, ಪಕ್ಕದಲ್ಲಿ ಪಾರ್ಕಿಂಗ್ ಜಾಗ ಬಿಟ್ಟರು. ವಾರದ ವಿಶ್ರಾಂತಿಯ ದಿನವಾದ ಸಬ್ಬತ್‌ನಂದು (ಶನಿವಾರ) ವಾಹನ ನಡೆಸುವುದು ನಿಷಿದ್ಧ. ಆದರೆ ಪ್ರಾರ್ಥನೆಗೆ ಬರುವುದಕ್ಕೆ ಮಾತ್ರ ಕಾರು ನಡೆಸಬಹುದೆಂದು ಕನ್ಸರ್ವೇಟಿವ್ ಪಂಗಡದ ಧರ್ಮಶಾಸ್ತ್ರ ಸಮಿತಿ 1950ರಲ್ಲಿ ಬಹುಮತದಿಂದ ಅನುಮತಿ ಕೊಟ್ಟಿತು. ಪಂಚಾಂಗದಲ್ಲಿ ಮೂಲೆಯಲ್ಲಿದ್ದ ಹನುಕ್ಕಾ ಹಬ್ಬ, ಕ್ರಿಸ್‌ಮಸ್ ಪಕ್ಕದಲ್ಲಿ ಬೀಳುತ್ತದೆ ಎಂಬ ಒಂದೇ ಕಾರಣಕ್ಕೆ ದೊಡ್ಡ ಹಬ್ಬವಾಯಿತು. ಡಬ್ಬಿಗಳ ಮೇಲಿನ ಕೋಷರ್, ಅಂದರೆ ಯಹೂದಿ ಆಹಾರ ನಿಯಮಕ್ಕೆ ಒಪ್ಪುತ್ತದೆ ಎಂಬ ಗುರುತು 1923ರಲ್ಲಿ ಹೈನ್ಸ್ ಕಂಪನಿಯ ಬೀನ್ಸ್‌ನಿಂದ ಶುರುವಾಗಿ ಅಂಗಡಿಯ ಕಪಾಟುಗಳನ್ನೆಲ್ಲ ಆವರಿಸಿತು. ಅಲ್ಲಿ ನೆಲೆಸಿದ ಸಸ್ಯಾಹಾರಿ ಕನ್ನಡಿಗರಿಗೂ ಡಬ್ಬಿ ತಿರುಗಿಸಿ ಆ ಗುರುತು ನೋಡುವುದರಿಂದ ಉಪಕಾರವಿದೆ: ಹಾಲಿನದೆಂದು ಗುರುತಿಸಿದ ಕೋಷರ್ ಪದಾರ್ಥದಲ್ಲಿ ಮಾಂಸ ಬೆರೆಸುವಂತಿಲ್ಲ. 1965ರಲ್ಲಿ ಬೇಸ್‌ಬಾಲ್ ತಾರೆ ಸ್ಯಾಂಡಿ ಕೋಫ್ಯಾಕ್ಸ್ ಯೋಮ್ ಕಿಪ್ಪೂರ್ ಉಪವಾಸದ ದಿನ ಬಿತ್ತೆಂದು ವರ್ಲ್ಡ್ ಸೀರೀಸ್‌ನ ಮೊದಲ ಪಂದ್ಯವನ್ನೇ ಆಡಲಿಲ್ಲ. ದೇಶ ಮುನಿಯುವ ಬದಲು ತಲೆದೂಗಿತು.

ಮುಖ್ಯವಾಹಿನಿಗೆ ಬರುವುದರ ಬೆಲೆ ಏನೆಂದು ತಿಳಿಯಲು ಪಿಟ್ಸ್‌ಬರ್ಗ್‌ನ ಒಂದು ಮೊಕದ್ದಮೆ ಸಾಕು. ಅಲ್ಲಿನ ಜಿಲ್ಲಾ ನ್ಯಾಯಾಲಯದ ಮಹಾಮೆಟ್ಟಿಲಿನ ಮೇಲೆ ಯೇಸುವಿನ ಜನನದ ಗೋದಲಿ ಇಡುತ್ತಿದ್ದರು. ಸ್ವಲ್ಪ ದೂರದ ನಗರಾಡಳಿತ ಕಟ್ಟಡದ ಮುಂದೆ 45 ಅಡಿಯ ಕ್ರಿಸ್‌ಮಸ್ ಮರ, ಅದರ ಪಕ್ಕದಲ್ಲಿ ಕಟ್ಟಾ ಸಂಪ್ರದಾಯಸ್ಥ ಹಸೀದಿಗಳ ಚಬಾಡ್ ಪಂಥಕ್ಕೆ ಸೇರಿದ 18 ಅಡಿಯ ಹನುಕ್ಕಾ ದೀಪಸ್ತಂಭ, ಕೆಳಗೆ ಸ್ವಾತಂತ್ರ್ಯವನ್ನು ಕೊಂಡಾಡುವ ಮೇಯರ್ ಸಹಿಯ ಫಲಕ. 1989ರಲ್ಲಿ ಸುಪ್ರೀಂ ಕೋರ್ಟ್ ಗೋದಲಿ ಸಂವಿಧಾನಬಾಹಿರ ಎಂದಿತು, ದೀಪಸ್ತಂಭ ಇರಬಹುದು ಎಂದಿತು. ದೀಪಸ್ತಂಭ ಧಾರ್ಮಿಕ ಸಂಕೇತವೇ ಆದರೂ ಅದರ ಸಂದೇಶ ಧರ್ಮದ್ದು ಮಾತ್ರವಲ್ಲ, ಮರದ ಪಕ್ಕದಲ್ಲಿ ಅದು ಚಳಿಗಾಲದ ಹಬ್ಬದ ಸೊಬಗಿನ ಭಾಗ ಎಂಬುದು ನ್ಯಾಯಮೂರ್ತಿ ಬ್ಲಾಕ್‌ಮನ್ ಅವರ ತರ್ಕದ ತಿರುಳು. ಗೆಲುವೇನೋ ಗೆಲುವೇ. ಆದರೆ ನಿಮ್ಮ ದೀಪ ನಿರುಪದ್ರವಿ ಅಲಂಕಾರ ಎಂದು ಕರೆಸಿಕೊಂಡು ಗೆದ್ದ ಗೆಲುವು. ಶಾಲೆಗಳಲ್ಲಿ ಸರ್ಕಾರಿ ಪ್ರಾರ್ಥನೆ ಬೇಡವೆಂದು 1962ರ ಮೊಕದ್ದಮೆಯಲ್ಲಿ ದನಿಗೂಡಿಸಿದ್ದ ಯಹೂದಿ ಸಂಘಟನೆಗಳಿಗೆ ಈ ದೀಪಸ್ತಂಭವೂ ಬೇಡವಾಗಿತ್ತು ಎಂಬುದು ಇನ್ನೊಂದು ವಿಪರ್ಯಾಸ.

ಇದಕ್ಕೂ ಎರಡು ವರ್ಷ ಮೊದಲು ಅದೇ ಕೋರ್ಟು ಬೇರೆಯದೇ ಬಾಗಿಲು ತೆರೆದಿತ್ತು. ಮೇರಿಲ್ಯಾಂಡ್‌ನ ಸಿನಗಾಗ್ ಒಂದರ ಗೋಡೆಗೆ ದ್ವೇಷದ ಚಿಹ್ನೆ ಬಳಿದವರ ಮೇಲೆ 1866ರ ಜನಾಂಗ ತಾರತಮ್ಯ ವಿರೋಧಿ ಕಾಯ್ದೆಯಡಿ ದಾವೆ ಹೂಡಬಹುದೆಂದು 1987ರಲ್ಲಿ ತೀರ್ಪಾಯಿತು. ಯಹೂದಿಗಳು ಇಂದು ಪ್ರತ್ಯೇಕ ಜನಾಂಗವೆಂದು ಕೋರ್ಟು ಹೇಳಲಿಲ್ಲ. ಆ ಕಾಯ್ದೆ ಬರೆದ ಕಾಲದ ಜನ ಅವರನ್ನು ಹಾಗೆ ಕಾಣುತ್ತಿದ್ದರು, ಅಷ್ಟು ಸಾಕು ಎಂದಿತು. 2004ರಲ್ಲಿ ಶಿಕ್ಷಣ ಇಲಾಖೆಯ ನಾಗರಿಕ ಹಕ್ಕುಗಳ ಕಚೇರಿ ಇದೇ ಜಾಡು ಹಿಡಿದು, ಯಹೂದಿ, ಸಿಖ್ ಮೊದಲಾದವರಿಗೆ ಒಂದೇ ವಂಶಮೂಲವೂ ಇರುವುದರಿಂದ ಆರನೇ ಅಧ್ಯಾಯ ಅವರನ್ನೂ ಕಾಯುತ್ತದೆ ಎಂದಿತು. 2019ರಲ್ಲಿ ಟ್ರಂಪ್ ಅದನ್ನು ಅಧ್ಯಕ್ಷೀಯ ಆದೇಶವಾಗಿಸಿದರು. ಹಾಗಾದರೆ ನಾವು ಬೇರೆ ರಾಷ್ಟ್ರದವರೇ ಎಂದು ಆಗ ಅನೇಕ ಯಹೂದಿಗಳು ಕೆರಳಿದರು. ಸೈಮನ್ ವುಲ್ಫ್ ಇದ್ದಿದ್ದರೆ ಆ ಗುಂಪಿನ ಮುಂದಿರುತ್ತಿದ್ದರು.

ದ್ವೇಷಿಗಳಿಗಂತೂ ಈ ಗೊಂದಲ ಎಂದೂ ಇರಲಿಲ್ಲ. ಪ್ಯೂ ಎಂಬ ಸಂಶೋಧನಾ ಸಂಸ್ಥೆಯ 2017ರ ಸಮೀಕ್ಷೆಯಲ್ಲಿ ಅಮೆರಿಕನ್ನರು ಎಲ್ಲಕ್ಕಿಂತ ಆತ್ಮೀಯವಾಗಿ ಕಂಡ ಧಾರ್ಮಿಕ ಗುಂಪು ಯಹೂದಿಗಳದು. ಮರುವರ್ಷ ಅಕ್ಟೋಬರ್ 27ರ ಸಬ್ಬತ್ ಬೆಳಿಗ್ಗೆ ಪಿಟ್ಸ್‌ಬರ್ಗ್‌ನ ಟ್ರೀ ಆಫ್ ಲೈಫ್ ಸಿನಗಾಗ್‌ಗೆ ನುಗ್ಗಿದ ಬಂದೂಕುಧಾರಿ 11 ಮಂದಿಯನ್ನು ಕೊಂದ. ಅವನ ಸಿಟ್ಟು ಅವರ ಪ್ರಾರ್ಥನೆಯ ಮೇಲಲ್ಲ, ನಿರಾಶ್ರಿತರಿಗೆ ನೆರವಾಗುವ ಯಹೂದಿ ಸಂಸ್ಥೆ ಹೊರಗಿನವರನ್ನು ಕರೆತರುತ್ತಿದೆ ಎಂಬುದರ ಮೇಲೆ. ಧರ್ಮವೆಂದು ಪಡೆದ ಗೌರವ ಇಂಥ ಕಣ್ಣುಗಳ ಮುಂದೆ ಕೆಲಸಕ್ಕೆ ಬರುವುದಿಲ್ಲ.

ಈ ಒಪ್ಪಂದದ ಅಚ್ಚನ್ನು ಬೇರೆಯವರೂ ಬಳಸುತ್ತಿದ್ದಾರೆ. ರೋಷ್ ಹಷಾನಾ, ಯೋಮ್ ಕಿಪ್ಪೂರ್‌ಗಳಿಗೆ ದಶಕಗಳಿಂದ ರಜೆ ಕೊಡುವ ನ್ಯೂಯಾರ್ಕ್ ನಗರದ ಸರ್ಕಾರಿ ಶಾಲೆಗಳು 2024ರಲ್ಲಿ ದೀಪಾವಳಿಗೂ ಬಾಗಿಲು ಹಾಕಿದವು. ಚಂದಾದಾರ ಸದಸ್ಯರು, ಚುನಾಯಿತ ಆಡಳಿತ ಮಂಡಳಿ, ವಾರಾಂತ್ಯದ ತರಗತಿ ಇರುವ ಅಲ್ಲಿನ ದೇವಸ್ಥಾನಗಳ ವ್ಯವಸ್ಥೆ ರೆಬೆಕಾ ಗ್ರಾಟ್ಸ್ ಕಂಡಿದ್ದರೆ ಗುರುತು ಹಿಡಿಯುತ್ತಿದ್ದಳು. ವಾರಾಂತ್ಯಕ್ಕೆ ಕನ್ನಡ ಕಲಿಸುವ ಅಲ್ಲಿನ ಅಪ್ಪ ಅಮ್ಮಂದಿರು ಹರ್ಬರ್ಗ್ ಹೇಳಿದ್ದನ್ನು ಸುಳ್ಳು ಮಾಡಲು ಹೊರಟಿದ್ದಾರೆ ಎನ್ನಬೇಕು. ಯಹೂದಿಗಳ ಅನುಭವ ನೋಡಿದರೆ ಅದು ಸುಲಭದ ಕೆಲಸವಲ್ಲ, ಬಹುತೇಕ ಮನೆಗಳಲ್ಲಿ ಯಿಡ್ಡಿಷ್ ಮೂರು ತಲೆಮಾರು ದಾಟಲಿಲ್ಲ.

ಧರ್ಮ ಕೂಡ ಈಗ ಅದೇ ದಾರಿಯಲ್ಲಿದೆ. ಪ್ಯೂ 2020ರಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ ಯಹೂದಿ ವಯಸ್ಕರಲ್ಲಿ ಶೇ 27ರಷ್ಟು ಮಂದಿ ತಮಗೆ ಧರ್ಮವಿಲ್ಲ, ಆದರೂ ತಾವು ಯಹೂದಿಗಳೇ ಎನ್ನುತ್ತಾರೆ. ಮೂವತ್ತು ತುಂಬದವರಲ್ಲಿ ಇದು ಶೇ 40. ವಾರಕ್ಕೊಮ್ಮೆ ಸಿನಗಾಗ್‌ಗೆ ಹೋಗುವವರು ಶೇ 12 ಮಾತ್ರ. 2010ರ ನಂತರ ಮದುವೆಯಾದವರಲ್ಲಿ ಶೇ 61ರಷ್ಟು ಮಂದಿಯ ಸಂಗಾತಿ ಯಹೂದಿಯಲ್ಲ. ಪಿಟ್ಸ್‌ಬರ್ಗ್ ಘೋಷಣೆಯನ್ನು ಇವರು ಬುಡಮೇಲು ಮಾಡಿದ್ದಾರೆ: ಧರ್ಮ ಬಿಟ್ಟರು, ಜನವಾಗಿ ಉಳಿದರು.

ಇನ್ನೊಂದು ತುದಿಯಲ್ಲಿ ಬೆಳೆಯುತ್ತಿರುವವರು ಆರ್ಥಡಾಕ್ಸರು. 65 ದಾಟಿದವರಲ್ಲಿ ಅವರ ಪಾಲು ಶೇ 3, ಮೂವತ್ತರೊಳಗಿನವರಲ್ಲಿ ಶೇ 17. ಅವರಲ್ಲಿಯೂ ಹಸೀದಿ ಪಂಥದವರು ಈ ಒಪ್ಪಂದಕ್ಕೆ ಎಂದೂ ಕೈಹಾಕಿದವರಲ್ಲ. ಸತ್ಮಾರ್ ಹಸೀದಿಗಳು ನ್ಯೂಯಾರ್ಕ್ ನಗರದಿಂದ ದೂರ, ಆರೆಂಜ್ ಕೌಂಟಿಯಲ್ಲಿ ಕಟ್ಟಿಕೊಂಡ ಕಿರಿಯಾಸ್ ಜೋಯೆಲ್ ಎಂಬ ಊರಿನಲ್ಲಿ ಇಂದಿಗೂ ಮನೆಮಾತು ಯಿಡ್ಡಿಷ್. ಅಲ್ಲಿ ಧರ್ಮ ಬೇರೆ, ಜನ ಬೇರೆ, ಊರು ಬೇರೆ ಎಂದು ಬಿಡಿಸಲಾಗದು. ಆದರೆ ಅಮೆರಿಕದ ವ್ಯವಸ್ಥೆಯನ್ನು ಬಳಸುವುದರಲ್ಲಿ ಅವರು ಯಾರಿಗೂ ಕಡಿಮೆಯಿಲ್ಲ. 1977ರಲ್ಲಿ ತಮ್ಮದೇ ಪುರಸಭೆ ಮಾಡಿಕೊಂಡರು, ಒಟ್ಟಾಗಿ ಮತ ಹಾಕುತ್ತಾರೆ, ಹಾಗಾಗಿ ರಾಜಕಾರಣಿಗಳು ಹುಡುಕಿಕೊಂಡು ಬರುತ್ತಾರೆ. ಅಂಗವಿಕಲ ಮಕ್ಕಳಿಗಾಗಿ ರಾಜ್ಯ ಸರ್ಕಾರ ಅವರಿಗೆ ಪ್ರತ್ಯೇಕ ಶಾಲಾ ಜಿಲ್ಲೆ ರಚಿಸಿಕೊಟ್ಟಿತು. ಇದು ಒಂದು ಧರ್ಮದವರಿಗೆ ಮಾಡಿದ ಉಪಕಾರ ಎಂದು 1994ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ರಾಜ್ಯದ ಶಾಸಕರು ಹೊಸ ಕಾನೂನು ಬರೆದರು, ಅದೂ ಬಿತ್ತು. ಇನ್ನೊಂದು ಬರೆದರು, ಅದೂ ಬಿತ್ತು. 1999ರಲ್ಲಿ ಮತ್ತೊಂದು ಬರೆದರು. ಆ ಶಾಲಾ ಜಿಲ್ಲೆ ಈಗಲೂ ನಡೆಯುತ್ತಿದೆ.